ಹನ್ನೊಂದು ಎಣಿಸಿದ ಮೇಲೊಂದು ಕೂಗು

ದೀಪ ಇರಲಿ, ಆರಿಸಬೇಡಿ. ಆ ಕಿಟಕಿ ಒಂದು ಮುಚ್ಚಿಬಿಡಿ... ಹೂಂ. ಈಗ ಕೇಳಿ.

ಅಪ್ಪ ಮಗಳು ಇಬ್ಬರೇ ಕತ್ತಲಲ್ಲಿ ವಾಪಸ್ ಬರ್ತಿದ್ದರು. ಕಾಲುದಾರಿ ಸಣ್ಣದು. ಬಲಗಡೆ ಕೆರೆ, ಎಡಗಡೆ ಎದೆಮಟ್ಟದ ಹುಲ್ಲು. ದಾರಿ ಪಕ್ಕದಲ್ಲೇ ಒಂದು ಹಳೇ ಬಾವಿ. ಕಟ್ಟೆ ಒಂದು ಕಡೆ ಕುಸಿದುಹೋಗಿತ್ತು, ಮೇಲೆ ಹಲಗೆ ಹೊದಿಸಿದ್ದರು. ಅದರ ಹತ್ತಿರ ಬಂದಾಗ ಮಗಳು ಪಿಸುಗುಟ್ಟಿದಳು.

"ಅಪ್ಪ... ಇದರಲ್ಲಿ ನೀರಿದೆಯಾ?"

"ಇರಬೇಕು."

"ಎಷ್ಟು ಆಳ?"

"ಎರಡು ಮಹಡಿ ಇದ್ದೀತು. ಸುಮ್ನೆ ನಡಿ."

ಅವಳು ಒಂದು ಚೂರು ಕಲ್ಲು ಎತ್ತಿ ಹಲಗೆ ಸಂದಿಯೊಳಗೆ ಬಿಟ್ಟಳು. ಏನೂ ಇಲ್ಲ... ಆಮೇಲೆ 'ಬುಳುಕ್'. ಅಷ್ಟೇ. ಇಬ್ಬರೂ ಬೇಗಬೇಗ ಹೆಜ್ಜೆ ಹಾಕಿದರು.

ಈ ಅಪ್ಪ ಯಾರು ಅಂದರೆ, ನನ್ನ ಸ್ವಂತ ಚಿಕ್ಕಪ್ಪನ ಮಗ. ಲಿಫ್ಟ್ ರಿಪೇರಿ ಮಾಡೋನು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಓಡಾಡೋ ಕತ್ತಲೆ ಗುಂಡಿ ಇರುತ್ತಲ್ಲ, ಅದರೊಳಗೆ ಸೊಂಟಕ್ಕೆ ಬೆಲ್ಟು ಬಿಗಿದು, ಹಗ್ಗ ಕಟ್ಟಿ ಇಳಿಯೋ ಕೆಲಸ. ಮನೆಯಲ್ಲೆಲ್ಲ ಅವನಿಗೆ ಲಿಫ್ಟಣ್ಣ ಅಂತಲೇ ಹೆಸರು. ಕೆಲಸದಿಂದ ಮಾತ್ರ ಬಂದ ಹೆಸರಲ್ಲ ಅದು. ಎಂಥಾ ಚಿಲ್ಲರೆ ವಿಷಯ ಸಿಕ್ಕಿದರೂ ನೆಲಮಾಳಿಗೆಯಿಂದ ಎತ್ತಿ ತಾರಸಿ ಮೇಲೆ ಕೂರಿಸಿ ಹೇಳೋನು. ಅವನು ಮೀನು ಹಿಡಿದ ಅಂದರೆ ಅದು ಮೊಸಳೆಗೆ ಒಂದು ಗೇಣು ಕಡಿಮೆ ಇರಬೇಕು. ಅಂಥವನು ಈ ಒಂದು ವಿಷಯ ಮಾತ್ರ ಒಂದೇ ಸಲ ಹೇಳಿದ್ದು. ನನ್ನ ಹತ್ತಿರ. ತಲೆ ಎತ್ತದೆ.

ಹೋದ ವರ್ಷ ಶಾಲೆಗೆ ರಜೆ ಬಂದಾಗ ಒಂದು ಕ್ಯಾಂಪರ್ ಗಾಡಿ ಬಾಡಿಗೆಗೆ ತಗೊಂಡು ಹೊರಟಿದ್ದರು. ಒಳಗೇ ಮಂಚ, ಒಳಗೇ ಒಲೆ, ಮಡಚಿಟ್ಟರೆ ಗೋಡೆ ಆಗೋ ಮೇಜು. ಇವನು, ಹೆಂಡತಿ, ಒಂಬತ್ತು ವರ್ಷದ ಮಗಳು. ಹೋದದ್ದು ಸರ್ಕಾರದ ಕಾಡಿಗೆ, ಪ್ರಾಣಿಗಳನ್ನ ನೋಡೋಕೆ ಅಂತಲೇ ಇಟ್ಟಿರೋ ಪಾರ್ಕಿಗೆ. ಕೆರೆ ದಡದಲ್ಲಿ ಗಾಡಿ ನಿಲ್ಲಿಸಬೇಕು. ಅಲ್ಲಿಂದ ಕಾಲು ಗಂಟೆ ನಡೆದರೆ ಒಂದು ಮರದ ಗೂಡು, ಗೋಡೆಯಲ್ಲಿ ಕಣ್ಣಗಲದ ಕಿಂಡಿಗಳು. ಅದರೊಳಗೆ ಉಸಿರು ಬಿಗಿಹಿಡಿದು ಕೂತರೆ, ನೀರು ಕುಡಿಯೋಕೆ ಬರೋ ಪ್ರಾಣಿಗಳು ಕಾಣಿಸ್ತವೆ.

ಮಗಳು ಒಂದು ನೋಟ್‌ಬುಕ್ಕು ಮಾಡಿಕೊಂಡಿದ್ದಳು. ಪುಟಕ್ಕೊಂದು ಪ್ರಾಣಿ. ನೋಡಿದ್ದಕ್ಕೆ ಬಣ್ಣ ಹಚ್ಚೋದು. "ನಾನಿದ್ದೀನಲ್ಲ, ನಿನ್ನ ಬಣ್ಣದ ಪೆನ್ಸಿಲ್ಲೆಲ್ಲ ಖಾಲಿ ಮಾಡಿಸ್ತೀನಿ" ಅಂತ ಲಿಫ್ಟಣ್ಣ ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ.

ಗೇಟಲ್ಲಿ ಗಾರ್ಡ್ ಒಬ್ಬರಿದ್ದರು. ಹೆಂಗಸು, ಐವತ್ತರ ಆಸುಪಾಸು. ಅಳೆದು ತೂಗಿ ಮಾತಾಡೋರು.

"ಗೂಡಲ್ಲಿ ಸದ್ದು ಮಾಡಬೇಡಿ. ತಿನ್ನೋಕೆ ಏನೂ ಹಾಕಬೇಡಿ. ಕರೀಬೇಡಿ."

"ಕರಿಯೋದು ಅಂದ್ರೇನು ಮೇಡಂ?"

"ಕೆಲವರು ಫೋನಲ್ಲಿ ಪ್ರಾಣಿ ಕೂಗು ಹಾಕ್ತಾರೆ. ಅದು ಇಲ್ಲಿ ಬೇಡ." ಮತ್ತೊಮ್ಮೆ ಹೇಳಿದರು. "ಇಲ್ಲಿ ಅದು ಬೇಡ."

ಮೊದಲನೇ ಸಂಜೆ ಹೆಂಡತಿಯನ್ನ ಅಡುಗೆಗೆ ಬಿಟ್ಟು ಅಪ್ಪ ಮಗಳು ಗೂಡಲ್ಲಿ ಎರಡು ಗಂಟೆ ಕೂತರು. ಒಂದು ಕಾಗೆ ಬಂತು. ಆ ಬಾವಿಗೆ ಕಲ್ಲು ಬಿಟ್ಟದ್ದು ಆವತ್ತು ವಾಪಸ್ ಬರೋವಾಗಲೇ. ಎರಡನೇ ಸಂಜೆ ಅದೂ ಬರಲಿಲ್ಲ. ಪಕ್ಕದ ಗಾಡಿಯ ಮುದುಕ ಮಾತ್ರ ಹಲ್ಲು ಉಜ್ಜುತ್ತಾ, ಬೆಳಗಾಗೋದರೊಳಗೆ ಏಳು ಜಿಂಕೆ ನೋಡಿದೆ ಅಂದ. ನೋಟ್‌ಬುಕ್ಕು ಮಗಳು ಮಂಚದ ಕೆಳಗೆ ತಳ್ಳಿದಳು. ಲಿಫ್ಟಣ್ಣನಿಗೆ ಮುಖದ ಮೇಲೆ ಹೊಡೆದ ಹಾಗಾಯ್ತು.

ಮೂರನೇ ಸಂಜೆ ಹೆಂಡತಿ ಗಾಡಿಯಲ್ಲೇ ಉಳಿದಳು, ತಲೆನೋವು ಅಂತ. ಅಪ್ಪ ಮಗಳು ಹೋದರು. ಸೂರ್ಯ ಮುಳುಗಿದ. ಕೆರೆ ಬೂದಿ ಬಣ್ಣಕ್ಕೆ ತಿರುಗಿತು. ಲಿಫ್ಟಣ್ಣ ಜೇಬಿನಿಂದ ಫೋನು ತೆಗೆದ.

"ಏನಪ್ಪ ಅದು?"

"ಶ್... ನೋಡ್ತಿರು."

ಮಧ್ಯಾಹ್ನವೇ ಎಲ್ಲಿಂದಲೋ ಇಳಿಸಿಟ್ಟುಕೊಂಡಿದ್ದ. ಜಿಂಕೆ ಮರಿ ಕೂಗು. ತಾಯಿ ಕಾಣದಾಗ ಕೂಗೋದು. 'ಮ್ಯೇಂಯ್...' ಅಂತ ಸಣ್ಣಗೆ ಎದ್ದು, ಕೊನೆಯಲ್ಲಿ ಮುರಿದುಬೀಳೋ ಸದ್ದು. ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಮತ್ತೆ ಅದೇ. ಅವನಿಗೆ ಎಣಿಸೋ ಚಾಳಿ, ಲಿಫ್ಟು ಮಹಡಿಯಿಂದ ಮಹಡಿಗೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ದಿನವಿಡೀ ಎಣಿಸೋನು.

ನಾಲ್ಕನೇ ಕೂಗಿಗೆ ಹುಲ್ಲು ಅಲ್ಲಾಡಿತು.

ಹೆಣ್ಣು ಜಿಂಕೆ. ಬಂತು ಅಂದರೆ ಮೆಲ್ಲಗೆ ಬಂದದ್ದಲ್ಲ, ನುಗ್ಗಿಕೊಂಡು ಬಂತು. ಗೂಡಿನ ಸುತ್ತ ಒಂದು ಸುತ್ತು ಹಾಕಿತು. ಎರಡು ಸುತ್ತು. ಗೋಡೆಗೆ ಮೂತಿ ಒತ್ತಿ ಮೂಸಿತು, ಹಲಗೆ ಆಚೆಯಿಂದ ಅದರ ಉಸಿರು 'ಬುಸ್ ಬುಸ್' ಅಂತ ಇವರ ಕಾಲಿಗೆ ತಾಗ್ತಿತ್ತಂತೆ. ಮಗಳ ಕಣ್ಣು ಅರಳಿತು. ಆಮೇಲೆ ಆ ಕಣ್ಣು ಹಾಗೇ ಸಣ್ಣಗಾಯ್ತು.

"ಅಪ್ಪ... ಅದು ಯಾಕೆ ಹಾಗೆ ಸುತ್ತುತ್ತಿದೆ?"

"ಮರಿ ಹುಡುಕ್ತಿದೆ."

"ಮರಿ ಎಲ್ಲಿದೆ?"

ಅವನು ಫೋನು ಇನ್ನೊಂದು ಕೈಗೆ ಬದಲಿಸಿದ.

"ಅಪ್ಪ, ನಿಲ್ಸು."

"ಒಂದು ನಿಮಿಷ ಪುಟ್ಟಿ. ವಿಡಿಯೋ ಮಾಡಿಕೊಳ್ತೀನಿ. ನಿಮ್ಮ ಕ್ಲಾಸಲ್ಲಿ ಯಾರೂ ಇಷ್ಟು ಹತ್ತಿರ ನೋಡಿರಲ್ಲ."

ಆ ಒಂದು ನಿಮಿಷ... ಅದನ್ನ ಹೇಳೋವಾಗ ಅವನು ಎರಡು ಸಲ ನೀರು ಕುಡಿದ.

ಜಿಂಕೆಗೆ ದಿಕ್ಕೇ ತಪ್ಪಿತ್ತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಮತ್ತೆ ಕೂಗು ಕೇಳಿತು, ಅದು ತಿರುಗಿ ಕಾಲುದಾರಿ ಕಡೆ ಓಡಿತು. ಕತ್ತಲಲ್ಲಿ ಇವರಿಗೆ ಕೇಳಿಸಿದ್ದು ಮೊದಲು 'ಲಟಕ್' ಅಂತ ಹಲಗೆ ಮುರಿದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ 'ದುಡುಂ'. ಅದರ ಹಿಂದೆಯೇ ಕಲ್ಲಿಗೆ ಗೊರಸು ಬಡಿಯೋ ಸದ್ದು. ಟಕ್. ಟಕ್ ಟಕ್.

ಅವನು ಫೋನು ಆರಿಸಿದ.

"ಬಾವಿಗೆ ಬಿತ್ತು," ಅಂದಳು ಮಗಳು.

"ಇಲ್ಲ. ಹಾರಿ ಆಚೆ ಹೋಯ್ತು. ನಾನು ನೋಡಿದೆ."

ಸುಳ್ಳು ಎಷ್ಟು ಸಲೀಸಾಗಿ ಬಂತು ಅಂತ ಅವನಿಗೇ ಆಶ್ಚರ್ಯ ಆಯ್ತಂತೆ. ಬಾವಿ ದಾಟೋವಾಗ ಮಗಳ ಕೈ ಹಿಡಿದು ದರದರ ಎಳೆದುಕೊಂಡು ಬಂದ, ಆ ಕಡೆ ತಿರುಗದೆ. ಒಳಗಿನ ಸದ್ದು ಇಬ್ಬರಿಗೂ ಕೇಳಿಸ್ತಿತ್ತು. ಕೇಳಿಸಿಲ್ಲ ಅನ್ನೋ ಹಾಗೆ ಇಬ್ಬರೂ ನಡೆದರು.

ಗಾಡಿ ಹತ್ತಿರ ಗಾರ್ಡಮ್ಮ ನಿಂತಿದ್ದರು, ರಾತ್ರಿ ಗಸ್ತಿಗೆ ಬಂದವರು. ಬ್ಯಾಟರಿ ಬೆಳಕು ನೆಲದ ಮೇಲಿತ್ತು.

"ಆ ಕಡೆ ಏನೋ ಕೂಗು ಕೇಳಿಸ್ತು."

"ನಮಗೇನೂ ಕೇಳಿಸಲಿಲ್ಲ ಮೇಡಂ."

ಅವರು ಮಗಳ ಕಡೆ ತಿರುಗಿದರು. "ನಿನಗೆ ಪುಟ್ಟಾ?"

ಮಗಳು ಅಪ್ಪನ ಮುಖ ನೋಡಿದಳು. ಅವಳ ಹೆಗಲ ಮೇಲೆ ಅವನ ಕೈ ಇತ್ತು. ಆ ಕೈಯನ್ನ ಅವನು ಸ್ವಲ್ಪ ಒತ್ತಿದ. ಸ್ವಲ್ಪವೇ.

"ಇಲ್ಲ ಆಂಟಿ," ಅಂದಳು ಮಗಳು.

ಗಾರ್ಡಮ್ಮ ಅವನನ್ನೇ ನೋಡ್ತಾ ನಿಂತರು. ಆಮೇಲೆ ಹೊರಟುಹೋದರು. "ಆ ಜಿಂಕೆ ಬಿದ್ದದ್ದಕ್ಕಿಂತ, ಮೇಡಂ ಹತ್ತಿರ ಸುಳ್ಳು ಹೇಳಿದ್ದಕ್ಕಿಂತ, ನಾನು ಹೆಗಲು ಒತ್ತಿದ್ದು ಇದೆಯಲ್ಲ..." ಅಂತ ನನ್ನ ಹತ್ತಿರ ಶುರು ಮಾಡಿದ. ಮಾತು ಮುಗಿಸಲಿಲ್ಲ. ಮುಗಿಸೋ ಅಗತ್ಯವೂ ಇರಲಿಲ್ಲ.

ಮಗಳು ಹಾಲು ಕುಡಿಯದೆ ಗೋಡೆ ಕಡೆ ತಿರುಗಿ ಮಲಗಿದಳು. ಹೆಂಡತಿ ಕೇಳಿದಳು, "ಏನ್ರೀ ಆಯ್ತು ಅವಳಿಗೆ?" ಇವನು, ಸುಸ್ತಾಗಿದೆ ಅಂದ. ದೀಪ ಆರಿತು. ಹೆಂಡತಿಗೆ ನಿದ್ದೆ ಬಂತು. ಇವನಿಗೆ ಬರಲಿಲ್ಲ. ಗಾಡಿ ಮೇಲೆ ಎಲೆ ಬಿದ್ದರೂ ಅವನಿಗೆ ಅದು ಗೊರಸಿನ ಸದ್ದು. ಟಕ್... ಟಕ್...

ಒಂದು ಗಂಟೆ ಹೊತ್ತಿಗೆ ತಡೆಯೋಕಾಗಲಿಲ್ಲ. ಎದ್ದ. ಮಗಳು ಅವಳ ಮಂಚದಲ್ಲಿ ಮುಸುಕು ಹಾಕಿ ಮಲಗಿದ್ದಳು. ಮುಸುಕು ಸರಿಸಿ ಮುಖ ನೋಡಿದ, ಕಣ್ಣು ಮುಚ್ಚಿತ್ತು. ಇದು ಜ್ಞಾಪಕ ಇಟ್ಟುಕೊಳ್ಳಿ... ಅವನು ಅವಳ ಮುಖ ನೋಡಿಯೇ ಹೊರಟದ್ದು. ಗಾಡಿಯ ಬಾಗಿಲು ಹೊರಗಿನಿಂದ ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡ. ಹೆಂಡತಿ ಹತ್ತಿರ ಇನ್ನೊಂದಿತ್ತು. ಕೆಲಸದ ಹಗ್ಗ, ಸೊಂಟದ ಬೆಲ್ಟು, ಹಣೆಗೆ ಕಟ್ಟೋ ದೀಪ, ಎಲ್ಲ ಅವನ ಚೀಲದಲ್ಲಿ ಸದಾ ಇರೋದೇ. ಫೋನು ಮಾತ್ರ ಮುಟ್ಟಲಿಲ್ಲ. ಅದನ್ನ ಮುಟ್ಟೋಕೆ ಮನಸ್ಸು ಬರಲಿಲ್ಲ.

ಬಾವಿ ಹತ್ತಿರ ಹೋದ. ಹಲಗೆ ಮುರಿದು ಬಾಯಿ ತೆರೆದಿತ್ತು. ಬಗ್ಗಿ ಬೆಳಕು ಬಿಟ್ಟ. ಕೆಳಗೆ ಎರಡು ಹಸಿರು ಚುಕ್ಕೆ... ಜಿಂಕೆಯ ಕಣ್ಣು. ಬದುಕಿತ್ತು. ಹೊಟ್ಟೆಮಟ್ಟ ನೀರಲ್ಲಿ ನಿಂತು ನಡುಗ್ತಿತ್ತು.

ದಾರಿ ಪಕ್ಕ ಒಂದು ಕಲ್ಲಿನ ಕಂಬ. ಅದಕ್ಕೆ ಹಗ್ಗ ಬಿಗಿದ. ಇಪ್ಪತ್ತು ವರ್ಷದಿಂದ ಜೀವ ಒಪ್ಪಿಸಿ ಇಳಿಯೋ ಗಂಟು ಅದು. ಮೂರು ಸಲ ಜಗ್ಗಿ ನೋಡಿದ. ಇಳಿದ.

ನೀರು ಮಂಜುಗಡ್ಡೆ ಹಾಗಿತ್ತು. ಜಿಂಕೆ ಮೊದಲು ಒದೆಯೋಕೆ ನೋಡಿತು. ಆಮೇಲೆ ಶಕ್ತಿ ಸಾಲದೆ ಸುಮ್ಮನಾಯ್ತು. "ಹೆದರಬೇಡ... ಹೆದರಬೇಡ..." ಅಂತ ಪಿಸುಗುಟ್ಟುತ್ತಾ ಅದರ ಹೊಟ್ಟೆ ಕೆಳಗೆ ಬೆಲ್ಟು ತೂರಿಸೋಕೆ ಕೈ ಹಾಕಿದ. ಕೈಗೆ ಕೆಚ್ಚಲು ಸಿಕ್ಕಿತು. ಬಿಗಿದು ಕಲ್ಲಾಗಿತ್ತು. ಇದಕ್ಕೆ ನಿಜವಾಗಲೂ ಒಂದು ಮರಿ ಇದೆ. ಎಲ್ಲೋ ಹುಲ್ಲಲ್ಲಿ ಅಲ್ಲಾಡದೆ ಮಲಗಿ ಕಾಯ್ತಿದೆ. ಅದಕ್ಕೇ ಇದು ಹಾಗೆ ನುಗ್ಗಿಕೊಂಡು ಬಂದದ್ದು.

ಅವನು ಕಣ್ಣು ಮುಚ್ಚಿ ನಿಂತುಬಿಟ್ಟ.

ಆಗ ಮೇಲೆ ಸದ್ದಾಯ್ತು. 'ಸರ್...' ಅಂತ. ಹಗ್ಗ ಹಗ್ಗಕ್ಕೆ ಉಜ್ಜೋ ಸದ್ದು. ನಿಧಾನ. ಮತ್ತೆ 'ಸರ್...' ಯಾರೋ ಗಂಟು ಬಿಚ್ಚುತ್ತಿದ್ದಾರೆ... ಅವಸರ ಇಲ್ಲದೆ, ಒಂದೊಂದೇ ಸುತ್ತು.

"ಯಾರದು?"

ಹಗ್ಗದ ತುದಿ 'ಥಪ್' ಅಂತ ಅವನ ಹೆಗಲ ಮೇಲೆ ಬಿತ್ತು.

ಮೇಲೆ ಬೆಳಕು ಬಿಟ್ಟ. ದುಂಡಗಿನ ಆಕಾಶ, ಮುರಿದ ಹಲಗೆ. ಯಾರೂ ಇಲ್ಲ. ಗೋಡೆಗೆ ಬೆರಳು ಸಿಗಿಸಿ ಹತ್ತೋಕೆ ನೋಡಿದ. ಪಾಚಿ. ಎರಡಡಿ ಹತ್ತಿದ, ಜಾರಿದ. ಮತ್ತೆ ಹತ್ತಿದ, ಮತ್ತೆ ಜಾರಿದ.

ಆಮೇಲೆ ಕೂಗು ಶುರುವಾಯ್ತು.

"ಅಪ್ಪಾ..."

ಮಗಳ ದನಿ. ಬಾವಿ ಹತ್ತಿರವೇ. ಸಣ್ಣಗೆ ಎದ್ದು, ಕೊನೆಯಲ್ಲಿ ಮುರಿದುಬಿದ್ದ ದನಿ.

"ಪುಟ್ಟಿ! ಇಲ್ಲಿದ್ದೀನಿ! ಹತ್ತಿರ ಬರಬೇಡ, ಅಲ್ಲೇ ನಿಲ್ಲು!"

ಸದ್ದಿಲ್ಲ. ಅವನಿಗರಿವಿಲ್ಲದೆ ಒಳಗೊಳಗೇ ಎಣಿಕೆ ನಡೀತಿತ್ತು. ಒಂಬತ್ತು... ಹತ್ತು... ಹನ್ನೊಂದು...

"ಅಪ್ಪಾ..."

ಅದೇ ಏರು. ಅದೇ ಮುರಿತ. ಕೂದಲೆಳೆ ವ್ಯತ್ಯಾಸ ಇಲ್ಲ. ಮತ್ತೆ ಹನ್ನೊಂದು. ಮತ್ತೆ "ಅಪ್ಪಾ..."

ಮಕ್ಕಳು ಹಾಗೆ ಕೂಗಲ್ಲ. ಒಂದು ಸಲ ಜೋರು, ಒಂದು ಸಲ ಅಳು, ಒಂದು ಸಲ ಕೋಪ. ಇದು ಒಂದೇ ಕೂಗು... ಅದನ್ನೇ ಮತ್ತೆ ಮತ್ತೆ ಹಾಕ್ತಿದ್ದಾರೆ. ಮಗಳು ಗಾಡಿಯಲ್ಲಿದ್ದಾಳೆ, ಬೀಗ ಹಾಕಿದ್ದೀನಿ, ಬೀಗದ ಕೈ ಜೇಬಲ್ಲಿದೆ. ಜೇಬು ಮುಟ್ಟಿ ನೋಡಿಕೊಂಡ. ಇತ್ತು.

ಎಲ್ಲ ಗೊತ್ತಿದ್ದೂ ಓಗೊಟ್ಟ. ಅದೇ ನೋಡಿ. ಗೊತ್ತಿದ್ದೂ ಪ್ರತಿ ಸಲ ಓಗೊಟ್ಟ. ಗೋಡೆ ಕೆರೆದ, ಉಗುರು ಕಿತ್ತುಬಂತು. ಪ್ರತಿ ಕೂಗಿಗೂ ಪಕ್ಕದಲ್ಲಿ ಆ ಜಿಂಕೆ ಕಿವಿ ನಿಮಿರಿಸಿ, ಮುಂಗಾಲು ಗೋಡೆಗೆ ಎತ್ತುತ್ತಿತ್ತು. ಅದಕ್ಕೆ ಏನು ಕೇಳಿಸ್ತಿತ್ತೋ. ಇಬ್ಬರೂ ಒಟ್ಟಿಗೆ ಗೋಡೆ ಕೆರೆಯೋದು. ಇಬ್ಬರೂ ಒಟ್ಟಿಗೆ ಜಾರೋದು. ಹೀಗೇ... ಬೆಳಗಾಗೋ ತನಕ.

ಹಕ್ಕಿಗಳು ಕೂಗೋ ಹೊತ್ತಿಗೆ ಆ ದನಿ ನಿಂತಿತು. ಅವನ ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ.

ಹೆಂಡತಿ ಎದ್ದು ನೋಡಿದರೆ ಗಂಡ ಇಲ್ಲ. ಗಾರ್ಡಮ್ಮನ ಹತ್ತಿರ ಓಡಿದಳು. ಅವರು ಏನೂ ಕೇಳದೆ ಜೀಪು ತಗೊಂಡು, ಹುಲ್ಲಿನ ಮೇಲೇ ಓಡಿಸಿ, ನೆಟ್ಟಗೆ ಬಾವಿಗೇ ಬಂದರಂತೆ. ಬಂದು ಕಟ್ಟೆ ಮೇಲಿಂದ ಬಗ್ಗಿದರು. ಹೆಂಡತಿ, ಮಗಳು ಇನ್ನೂ ದೂರದಲ್ಲಿದ್ದರು. ಗಾರ್ಡಮ್ಮ ತಗ್ಗಿದ ದನಿಯಲ್ಲಿ ಕೇಳಿದ್ದು ಒಂದೇ ಮಾತು.

"ಯಾರ ದನಿ?"

"...ಮಗಳದು."

ತಲೆ ಆಡಿಸಿದರು. "ನನಗೆ ನನ್ನ ತಮ್ಮನದು. ಕೆಲಸಕ್ಕೆ ಸೇರಿದ ವರ್ಷ." ಅಷ್ಟು ಹೇಳಿ ಜೀಪಿನ ಹಗ್ಗ ಇಳಿಬಿಟ್ಟರು.

ಅವನು ಮೊದಲು ತಾನು ಹತ್ತಲಿಲ್ಲ. ಬೆಲ್ಟು ಜಿಂಕೆಗೆ ಕಟ್ಟಿದ, ಅದನ್ನ ಮೇಲೆ ಎಳೆಸಿದ. ಮೇಲೆ ಬಂದ ಜಿಂಕೆ ಒಂದು ಗಳಿಗೆ ಕಾಲು ಅಗಲಿಸಿ ನಿಂತು, ಕುಂಟುತ್ತಾ ಹುಲ್ಲೊಳಗೆ ಹೋಯ್ತು. ಯಾರ ಕಡೆಯೂ ತಿರುಗಿ ನೋಡಲಿಲ್ಲ. ಮರಿ ಅದಕ್ಕೆ ಸಿಕ್ಕಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಈಗಲೂ ಅವನು ನಡುವೆ ಮಾತು ನಿಲ್ಲಿಸಿದರೆ ಅದನ್ನೇ ಯೋಚಿಸ್ತಿದ್ದಾನೆ ಅಂತ ನನಗೆ ಗೊತ್ತಾಗುತ್ತೆ.

ಆಮೇಲೆ ಅವನನ್ನ ಎಳೆದರು. ಮಗಳು ಅಮ್ಮನ ಪಕ್ಕ ನಿಂತಿದ್ದಳು. ಅವನು ಅವಳ ಎದುರಿಗೇ, ಒಡೆದ ದನಿಯಲ್ಲಿ ಗಾರ್ಡಮ್ಮನಿಗೆ ಹೇಳಿದ.

"ನಿನ್ನೆ ನಾನು ಸುಳ್ಳು ಹೇಳಿದೆ. ಕೂಗು ಹಾಕಿದ್ದು ನಾನು. ಅದು ಬಿದ್ದದ್ದು ಕೇಳಿಸಿಕೊಂಡೂ ಬಿಟ್ಟು ಬಂದೆ. ಮಗಳ ಕೈಲೂ ಸುಳ್ಳು ಹೇಳಿಸಿದೆ."

ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಷ್ಟು ಹೊತ್ತಿಗೆ ಪಕ್ಕದ ಗಾಡಿಯ ಮುದುಕನೂ ಬಂದು ನಿಂತಿದ್ದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತಂತೆ ಲಿಫ್ಟಣ್ಣನಿಗೆ. ಆಮೇಲೆ ನೆನಪಾಯ್ತಂತೆ, ರಾತ್ರಿಯೆಲ್ಲ ನೆಲ ನುಂಗಿಯೇ ಇತ್ತು ಅಂತ.

ಗಾರ್ಡಮ್ಮ ಬೈಯಲಿಲ್ಲ. ಒಂದು ಕಾಗದದ ಮೇಲೆ ಬರೆದು ಅವನ ಸಹಿ ತಗೊಂಡರು. ಇನ್ನು ಈ ಪಾರ್ಕಿಗೆ ಅವನು ಕಾಲಿಡೋ ಹಾಗಿಲ್ಲ. ಅವನು ಎರಡನೇ ಮಾತು ಆಡಲಿಲ್ಲ. ವಾಪಸ್ ಬರೋ ದಾರಿಯಲ್ಲಿ ಮಗಳು ಒಂದೇ ಒಂದು ಪ್ರಶ್ನೆ ಕೇಳಿದಳಂತೆ. "ಕೆಳಗೆ ತುಂಬಾ ಚಳಿ ಇತ್ತಾ?" ಇತ್ತು ಅಂದ. ಅವಳು ತನ್ನ ಶಾಲು ತೆಗೆದು ಅವನ ತೊಡೆ ಮೇಲೆ ಹಾಕಿದಳು. ಅವನು ಗಾಡಿ ದಾರಿ ಬದಿಗೆ ನಿಲ್ಲಿಸಿ ಅತ್ತ.

ಬಾವಿಯಲ್ಲಿ ಕೇಳಿದ ದನಿಯ ವಿಷಯ ಮಾತ್ರ ಅವನು ಮಗಳಿಗೆ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ನಾನು ಎರಡೆರಡು ಸಲ ಕೇಳಿದೆ, ಆಣೆ ಹಾಕಿಸಿ ಕೇಳಿದೆ. ಗಾರ್ಡಮ್ಮ ಆದಮೇಲೆ ಈ ವಿಷಯ ಗೊತ್ತಿರೋದು ನನಗೊಬ್ಬನಿಗೆ. ಆ ರಾತ್ರಿ ಮಗಳು ಮಂಚ ಬಿಟ್ಟು ಎದ್ದಿಲ್ಲ, ಪಕ್ಕದಲ್ಲೇ ಇದ್ದೆ ಅಂತ ಅವರಮ್ಮ ಹೇಳ್ತಾಳೆ.

ನೀವು ನಗಬಹುದು. ನಗಿ. ಆದರೆ ಹೋದ ಭಾನುವಾರ ನಾನು ಅವರ ಮನೆಯಲ್ಲೇ ಇದ್ದೆ, ನನ್ನ ಕಣ್ಣಿಂದ ನೋಡಿದ್ದು ಇದು. ಯಾವುದೋ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆ ಅಂತ ಫೋನು ಬಂತು, ಲಿಫ್ಟಣ್ಣ ಊಟದ ಡಬ್ಬಿ ಮರೆತು ಇಳಿದುಹೋದ. ಮಗಳು ಡಬ್ಬಿ ಹಿಡಿದು ಬಾಲ್ಕನಿಗೆ ಬಂದಳು. ಅವನು ಕೆಳಗೆ, ರಸ್ತೆ ಆಚೆ, ಬೈಕಿನ ಹತ್ತಿರ. ಒಂದು ಸಲ ಅಪ್ಪಾ ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ. ತುಟಿ ಬಿಗಿಹಿಡಿದು, ನಾಲ್ಕು ಮಹಡಿ ಮೆಟ್ಟಿಲು ಇಳಿದು, ರಸ್ತೆ ದಾಟಿ ಓಡಿದಳು. ಹಿಂದಿನಿಂದ ಹೋಗಿ ಅವನ ತೋಳು ಮುಟ್ಟಿದಳು. ಅವನು ತಿರುಗಿ ಅವಳ ಮುಖ ನೋಡಿದ ಮೇಲಷ್ಟೇ ಅವಳ ಬಾಯಿ ಅಲ್ಲಾಡಿದ್ದು.

ಪಕ್ಕದಲ್ಲಿ ಅವರಮ್ಮ ಬಟ್ಟೆ ಒಣಹಾಕ್ತಿದ್ದಳು. "ಇವಳು ಯಾವಾಗಿಂದ ಹೀಗೆ?" ಅಂತ ಕೇಳಿದೆ.

"ಆ ಟ್ರಿಪ್ಪಿಂದ ಬಂದ ಮೇಲೆ," ಅಂದಳು. "ದೂರದಿಂದ ಒಂದು ಸಲಾನೂ ಅವರನ್ನ ಕೂಗಿಲ್ಲ."